ಮಧುಗಿರಿ ಸೀಮೆಯ ಹುಲ್ಲುನೆಲಗಳೂ ಮೂಕಪ್ರಾಣಿಗಳ ರಕ್ಷಣೆಯೂ

ಧರ್ಮಶಾಸ್ತ್ರಕಾರರು ಯಜ್ಞಕ್ಕೆ ಯೋಗ್ಯವಾದ ಭೂಮಿ ಯಾವುದೆಂಬುದನ್ನು ನಿರ್ಣಯಿಸುವ ಸಂದರ್ಭದಲ್ಲಿ ನದೀಪರ್ವತಗಳನ್ನು ಎಲ್ಲೆಯಾಗಿ ಹೇಳಿ ಸುಮ್ಮನಾಗಲಿಲ್ಲ. ಒಂದು ಮೃಗವನ್ನೂ ಗುರುತಾಗಿ ಹಿಡಿದರು. ಮನುಸ್ಮೃತಿಯ ದ್ವಿತೀಯಾಧ್ಯಾಯದಲ್ಲಿಯೂ ಯಾಜ್ಞವಲ್ಕ್ಯಸ್ಮೃತಿಯ ಆಚಾರಾಧ್ಯಾಯದ ಆರಂಭದಲ್ಲಿಯೂ ಕೃಷ್ಣಮೃಗದ ಇರವೇ ಧರ್ಮಭೂಮಿಯ ಲಕ್ಷಣವೆಂದು ನಿರೂಪಿತವಾಗಿದೆ. ಮನುವು ಇದಕ್ಕೆ ‘ಸ್ವಭಾವತಃ’ ಎಂಬ ಒಂದು ಮಾತನ್ನು ಕೂಡಿಸಿರುವನು. ಈ ಮಾತು ವ್ಯರ್ಥವಲ್ಲವೆಂಬುದನ್ನು ತೋರಿಸುವುದಕ್ಕಾಗಿ ಕುಲ್ಲೂಕಭಟ್ಟನು, ಬಲಾತ್ಕಾರದಿಂದ ಹಿಡಿದುತಂದ ಮೃಗವು ಇಲ್ಲಿ ಲೆಕ್ಕಕ್ಕೆ ಬಾರದೆಂದು ವ್ಯಾಖ್ಯಾನ ಮಾಡುತ್ತಾನೆ. ಎಂದಮೇಲೆ ಅರಸನ ಉಪವನದಲ್ಲಿ ಕಟ್ಟಿ ಸಾಕಿದ ಜಿಂಕೆಯಿಂದ ಆ ಊರು ಪುಣ್ಯಭೂಮಿಯಾಗಲಾರದು. ಮೃಗವು ತಾನಾಗಿ ಮೇದು ತಾನಾಗಿ ಮಲಗುವಷ್ಟು ನೆಲವನ್ನು ಮನುಷ್ಯನು ಉಳದೆ ಬಿಟ್ಟಿರಬೇಕು. ಕಲ್ಯಾಣದಲ್ಲಿ ಕುಳಿತು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನ ಕಾಲದಲ್ಲಿ ಕರ್ಣಾಟಕದ ಬಯಲುಸೀಮೆಯಲ್ಲಿ ಇಂತಹ ನೆಲಕ್ಕೆ ಕೊರತೆಯಿದ್ದಿರಲಾರದು. ಈಗ ಆ ಲಕ್ಷಣವನ್ನು ಹಿಡಿದುಕೊಂಡು ಹುಡುಕುತ್ತ ಹೊರಟವನು ಬಹು ದೂರ ನಡೆಯಬೇಕಾಗುತ್ತದೆ. ಹಾಗೆ ನಡೆದವನಿಗೆ ಅದು ದೊರೆಯುವ ಕೆಲವೇ ಸ್ಥಳಗಳಲ್ಲಿ ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯೂ ಒಂದು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಜಿಲ್ಲೆಯ ಉತ್ತರಾರ್ಧವನ್ನು ಆಕ್ರಮಿಸಿಕೊಂಡಿವೆ. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿಯು ಕೊರಟಗೆರೆ, ಮಧುಗಿರಿ ತಾಲ್ಲೂಕುಗಳಲ್ಲಿ ಹರಿದು ಉತ್ತರ ಪಿನಾಕಿನಿಯನ್ನು ಸೇರುವುದು. ಪಿನಾಕಿನಿಯು ಪಾವಗಡದ ನಾಗಲಮಡಿಕೆಯ ಬಳಿಯಲ್ಲಿ ಹಾಯುವುದು. ನದಿಗಳೆಂಬ ಹೆಸರೇ ಹೊರತು ವರ್ಷದ ಬಹುಭಾಗ ಇವುಗಳಲ್ಲಿ ಮರಳೇ ಕಾಣುವುದು. ಮಳೆ ಕಡಿಮೆ, ಮಣ್ಣು ಕೆಂಪು, ಬೆಟ್ಟಗಳು ಬರಿಯ ಬಂಡೆ. ಇಂತಹ ನೆಲದಲ್ಲಿ ನೇಗಿಲಿಗಿಂತ ಹಿಂಡು ಹಳೆಯದು. ಮಧುಗಿರಿಯ ದುರ್ಗಕ್ಕೂ ಒಂದು ಕುರಿಯೇ ಕಾರಣವೆಂದು ಐತಿಹ್ಯವುಂಟು: ತಪ್ಪಿಸಿಕೊಂಡ ಕುರಿಯೊಂದು ಮೈಯಿಂದ ನೀರು ತೊಟ್ಟಿಕ್ಕುತ್ತ ಬೆಟ್ಟದಿಂದ ಇಳಿದು ಬಂದುದನ್ನು ಕಂಡು, ಮೇಲೆ ಊಟೆಯಿರುವುದೆಂದು ತಿಳಿದು, ಅಲ್ಲಿಯ ಪಾಳೆಯಗಾರನು ಕೋಟೆಯನ್ನು ಕಟ್ಟಿಸಿದನಂತೆ. ಹಿಂದೆ ಮದ್ದಗಿರಿಯೆಂದು ಕರೆಯಲ್ಪಡುತ್ತಿದ್ದ ಈ ಊರಿನ ಈಗಿನ ಹೆಸರು ಬಂಡೆಯ ಮೇಲಿನ ಜೇನುಹುಟ್ಟುಗಳನ್ನು ನೆನಪಿಗೆ ತರುವುದು. ಒಂದು ಊರಿನ ಹುಟ್ಟಿಗೆ ಕುರಿಯೂ ಹೆಸರಿಗೆ ಜೇನೂ ಸಾಕ್ಷಿಗಳಾಗಿ ನಿಂತಿರುವುದು ಈ ಸೀಮೆಗೆ ಸಹಜವೇ ಆಗಿದೆ.

ಪಾವಗಡದ ವಾಯವ್ಯಕ್ಕೆ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಅಶೋಕನ ಶಾಸನಗಳನ್ನು ೧೮೯೨ರಲ್ಲಿ ಬಿ. ಎಲ್. ರೈಸ್ ಸಾಹೇಬರು ಕಂಡುಹಿಡಿದರು. ತಾಯಿತಂದೆಗಳ ಶುಶ್ರೂಷೆ, ಸತ್ಯವಚನ, ಇವುಗಳ ನಡುವೆ ಪ್ರಾಣಿಗಳ ವಿಷಯದಲ್ಲಿ ದೃಢವಾದ ದಯೆಯನ್ನೂ ಆ ಶಾಸನವು ವಿಧಿಸುತ್ತದೆ. ಕನ್ನಡನಾಡಿನಲ್ಲಿ ಇದುವರೆಗೆ ದೊರೆತಿರುವ ಅತಿ ಪ್ರಾಚೀನವಾದ ಬರಹಗಳಲ್ಲಿ ಒಂದು ಜೀವದಯೆಯನ್ನು ಹೇಳುವುದೆಂಬುದೂ, ಅದು ಈ ಹುಲ್ಲುಸೀಮೆಯ ಅಂಚಿನಲ್ಲಿಯೇ ಇರುವುದೆಂಬುದೂ ಗಮನಿಸತಕ್ಕ ವಿಷಯಗಳು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ಅಭಯವನವೆಂಬ ಏರ್ಪಾಡೂ, ಅಲ್ಲಿಯ ಮೃಗಪಕ್ಷಿಮತ್ಸ್ಯಗಳನ್ನು ಕಟ್ಟಿದವನಿಗೂ ಕೊಂದವನಿಗೂ ಉತ್ತಮಸಾಹಸದಂಡವೂ ಹೇಳಿವೆ. ಹುಲ್ಲುಗಾವಲನ್ನು ನೋಡಿಕೊಳ್ಳುವುದಕ್ಕೆ ವಿವೀತಾಧ್ಯಕ್ಷನೆಂಬ ಪ್ರತ್ಯೇಕನಾದ ಅಧಿಕಾರಿಯೂ ಉಂಟು.

ಆದರೆ ಪ್ರಕೃತ ವಿಷಯಕ್ಕೆ ಇವೆಲ್ಲಕ್ಕಿಂತ ಹೆಚ್ಚು ಸಮೀಪವಾದುದು ಮನುವಿನ ಅಷ್ಟಮಾಧ್ಯಾಯದ ಗೋಚರಭೂಮಿಯ ವಿಧಿ. ಗ್ರಾಮದ ಸುತ್ತ ನೂರು ಧನುಸ್ಸುಗಳಷ್ಟು, ಅಥವಾ ಕೋಲನ್ನು ಮೂರು ಸಲ ಎಸೆದರೆ ಬೀಳುವಷ್ಟು ದೂರದ ನೆಲವನ್ನು ದನಗಳಿಗಾಗಿ ಬಿಡಬೇಕು. ಪಟ್ಟಣವಾದರೆ ಅದರ ಮೂರರಷ್ಟು. ಆ ನೆಲದಲ್ಲಿ ಯಾರಾದರೂ ಬೇಲಿಯಿಲ್ಲದೆ ಪೈರಿಟ್ಟು ಅದನ್ನು ದನಗಳು ಮೇದುಬಿಟ್ಟರೆ ಅರಸನು ಗೋವಳನನ್ನು ದಂಡಿಸಕೂಡದು. ಅಂದರೆ ಹುಲ್ಲುನೆಲದ ಮೇಲೆ ಮೊದಲ ಹಕ್ಕು ಮೇಯುವ ಪ್ರಾಣಿಯದು. ಬೇಲಿ ಹಾಕುವ ಹೊರೆ ಉಳುವವನದು. ಗೋಮಾಳವೆಂದು ಕಂದಾಯದ ಲೆಕ್ಕಗಳಲ್ಲಿ ಈಗಲೂ ಬರೆಯುವ ನೆಲವು ಈ ವಿಧಿಯ ಪಳೆಯುಳಿಕೆಯೆಂದರೆ ತಪ್ಪಾಗದು. ಈ ಮೊದಲ ಹಕ್ಕು ಹೇಗೆ ಕೈತಪ್ಪಿತೆಂಬುದೇ ಈ ಸೀಮೆಯ ಮೂಕಪ್ರಾಣಿಗಳ ಇತಿಹಾಸ.

ಶಾಸ್ತ್ರದ ಮಾತು ಹಾಗಿರಲಿ. ಜನರ ನಡತೆಯನ್ನು ಕಲ್ಲುಗಳಿಂದ ತಿಳಿಯಬಹುದು. ತುಱುಗೊಳ್‌ನಲ್ಲಿ ಹಿಂಡನ್ನು ಬಿಡಿಸುವುದಕ್ಕೆ ಹೋಗಿ ಸತ್ತವರ ವೀರಗಲ್ಲುಗಳು ಕನ್ನಡನಾಡಿನ ಎಲ್ಲ ಕಡೆಗಳಲ್ಲಿಯೂ ಇವೆ. ದನವು ಧನವೇ ಆಗಿದ್ದುದರಿಂದ ಇವರು ಹೋರಾಡಿದುದು ಸ್ವತ್ತಿಗಾಗಿಯೋ ಪ್ರಾಣಿಯ ಮೇಲಣ ಮಮತೆಗಾಗಿಯೋ ಎಂದು ಬೇರ್ಪಡಿಸುವುದು ಕಷ್ಟ. ಆದರೆ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಶಕ ೮೭೨ರ ಶಾಸನದ ವಿಷಯದಲ್ಲಿ ಅಂತಹ ಸಂಶಯಕ್ಕೆ ಎಡೆಯಿಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನು ಮೆಚ್ಚಿ ಬೇಡಿಕೊಳ್ಳೆಂದಾಗ ಮಣಲೇರನು ಬೇಡಿದುದು ಕಾಳಿಯೆಂಬ ನಾಯಿಯನ್ನು. ಆ ನಾಯಿ ಬೆಳತೂರಿನ ಬೆಟ್ಟದಲ್ಲಿ ಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪವನ್ನು ವಿಧಿಸಿದರು. ಮನುಷ್ಯರ ವೀರಗಲ್ಲುಗಳೆಷ್ಟೋ ಪೂಜೆಯಿಲ್ಲದೆ ಹೊಲದ ಬದುವಿನಲ್ಲಿ ಬಿದ್ದಿರುವಾಗ ಈ ನಾಯಿಗೆ ದೊರೆತ ಮರ್ಯಾದೆ ಸಾಮಾನ್ಯವಲ್ಲ.

ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಯು ಕಾಡುಗೊಲ್ಲರಿಗೆ ಪರಮಸ್ಥಾನ. ಜುಂಜಪ್ಪನು ಅರಸನಲ್ಲ, ಋಷಿಯಲ್ಲ, ದನ ಕಾಯ್ದವನು. ಅವನ ಕಥೆಯನ್ನು ಗಣೆಯೆಂಬ ಉದ್ದವಾದ ಬಿದಿರ ಕೊಳಲನ್ನು ನುಡಿಸುತ್ತ ಹಾಡುವರು. ಬೇಲಿ ಕಟ್ಟಿದ ಹಟ್ಟಿ, ಅದರೊಳಗೆ ಜನ, ಜನಕ್ಕಿಂತ ಹೆಚ್ಚಾಗಿ ದನ ಕುರಿ, ಇದು ಅವರ ಸಂಸಾರ. ಇದಕ್ಕೆ ಹೊಂದಿರುವ ಚಳ್ಳಕೆರೆಯ ಸೀಮೆಯಲ್ಲಿ ಮ್ಯಾಸಬೇಡರು ದೇವರ ಎತ್ತುಗಳೆಂಬ ಹಿಂಡುಗಳನ್ನು ಕಾಪಾಡಿಕೊಂಡು ಬಂದಿರುವರು. ಈ ಎತ್ತುಗಳನ್ನು ಉಳುವುದಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ. ಇವುಗಳನ್ನು ಕಾಯುವ ಕಿಲಾರಿಗಳು ಹುಲ್ಲಿರುವ ಕಡೆಗೆ ಹಿಂಡಿನೊಡನೆ ಹೋಗುವರು. ಪ್ರಯೋಜನವಿಲ್ಲದ ಪ್ರಾಣಿಗೂ ಬದುಕುವ ಹಕ್ಕುಂಟೆಂದು ಗ್ರಂಥಗಳಲ್ಲಿ ವಾದಿಸುವವರು ಈ ಕಿಲಾರಿಗಳನ್ನು ಒಮ್ಮೆ ನೋಡಿಬರುವುದು ಒಳ್ಳೆಯದು. ಆದರೆ ಅವರ ಎತ್ತುಗಳಿಗೂ ಹುಲ್ಲು ಬೇಕು, ಹುಲ್ಲಿಗೆ ನೆಲ ಬೇಕು.

ಹುಲ್ಲುನೆಲವನ್ನು ರಾಜಾಜ್ಞೆಯಿಂದ ಕಾಯ್ದಿಟ್ಟ ಏರ್ಪಾಡು ಅಮೃತಮಹಲು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (೧೬೭೨–೧೭೦೪) ಇದಕ್ಕೆ ಬೆಣ್ಣೆ ಚಾವಡಿಯೆಂದು ಹೆಸರಿದ್ದಿತು. ಟೀಪು ಸುಲ್ತಾನನು ಅಮೃತಮಹಲೆಂದು ಕರೆದನು. ಪಾಳೆಯಗಾರರ ಹಿಂಡುಗಳು ಹೈದರನ ಕಾಲದಲ್ಲಿ ಇದಕ್ಕೆ ಸೇರಿದುವು. ರಾಜ್ಯದಲ್ಲಿ ಅಲ್ಲಲ್ಲಿ ಕಾವಲುಗಳೆಂಬ ಹುಲ್ಲುಗಾವಲುಗಳನ್ನು ಗೊತ್ತುಮಾಡಿ, ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ, ಋತುವಿಗೆ ತಕ್ಕಂತೆ ಹಿಂಡುಗಳನ್ನು ಸಾಗಿಸುತ್ತಿದ್ದರು. ಈ ಏರ್ಪಾಡಿನ ಉದ್ದೇಶವು ದಯೆಯಾಗಿರಲಿಲ್ಲವೆಂಬುದನ್ನು ಮರೆಯತಕ್ಕುದಲ್ಲ. ಫಿರಂಗಿಗಳನ್ನೆಳೆಯುವುದಕ್ಕೆ ಎತ್ತುಗಳು ಬೇಕಾಗಿದ್ದುವು. ೧೬೮೭ರಿಂದ ಮೊಗಲರ ಸುಬೆಯ ಮುಖ್ಯಸ್ಥಾನವಾಗಿದ್ದ ಶಿರಾ ಪಟ್ಟಣವು ೧೭೬೧ರಲ್ಲಿ ಹೈದರನಿಗೂ ೧೭೬೬ರಲ್ಲಿ ಮರಾಠರಿಗೂ ೧೭೭೪ರಲ್ಲಿ ಟೀಪುವಿಗೂ ವಶವಾಯಿತೆಂದು ಚರಿತ್ರಕಾರರು ಒಂದು ಪಂಕ್ತಿಯಲ್ಲಿ ಬರೆದುಬಿಡುವರು. ಆ ಒಂದೊಂದು ಸಲವೂ ಈ ಬಯಲಿನ ಹುಲ್ಲು ದಂಡುಗಳ ಪಾಲಾದುದನ್ನು ಬರೆದವರಿಲ್ಲ. ೧೮೦೦ರಲ್ಲಿ ಈ ಸೀಮೆಯನ್ನು ಹಾದುಹೋದ ಬುಕಾನನ್ನನು ಯುದ್ಧಗಳ ಹಾನಿಯೊಡನೆ ಇಲ್ಲಿಯ ಪಶುಪಾಲಕರ ರೀತಿಯನ್ನೂ ಗುರುತಿಸಿರುವುದು ಉಪಕಾರವೇ ಸರಿ.

ಅಮೃತಮಹಲಿನ ಎತ್ತುಗಳನ್ನು ಆರ್ಥರ್ ವೆಲ್ಲೆಸ್ಲಿಯು ಬಹಳ ಮೆಚ್ಚಿಕೊಂಡಿದ್ದನು. ಹಾಗಿದ್ದರೂ ೧೮೬೦ರಲ್ಲಿ ಮದರಾಸಿನ ಗವರ್ನರು ಟ್ರೆವೆಲಿಯನ್ನನು ಖರ್ಚು ಹೆಚ್ಚೆಂದು ಇದನ್ನು ಎತ್ತಿಹಾಕಿ ಹಿಂಡುಗಳನ್ನು ಮಾರಿಸಿದನು. ತಪ್ಪು ಬೇಗನೆ ತಿಳಿಯಿತು. ೧೮೬೬ರಲ್ಲಿ ಪುನಃ ಸ್ಥಾಪಿಸಬೇಕಾಯಿತು. ೧೮೮೨ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಸೇರಿತು. ಹಿಂಡನ್ನು ಪುನಃ ಕೂಡಿಸಬಹುದು. ಒಮ್ಮೆ ಉತ್ತು ಹಂಚಿಹೋದ ಕಾವಲನ್ನು ಪುನಃ ಕೂಡಿಸುವುದಾಗದು. ಎತ್ತಿಗಾಗಿ ಬಿಟ್ಟ ಈ ನೆಲಗಳಲ್ಲಿ ಯಾರೂ ಕರೆಯದೆಯೇ ಹುಲ್ಲೆಗಳೂ ತೋಳಗಳೂ ಎರಲಾಡು ಹಕ್ಕಿಯೂ ಬದುಕಿಕೊಂಡಿದ್ದುವೆಂಬುದೇ ಅಮೃತಮಹಲಿನ ನಿಜವಾದ ಉಪಕಾರವೆಂದು ತೋರುತ್ತದೆ. (ಹಳಗನ್ನಡದ ಪುಲ್ಲೆ ಎಂಬ ಶಬ್ದಕ್ಕೂ ಪುಲ್ ಎಂಬುದಕ್ಕೂ ಸಂಬಂಧವುಂಟೇ ಎಂಬುದನ್ನು ಶಬ್ದಶಾಸ್ತ್ರಜ್ಞರು ವಿಚಾರಿಸಲಿ, ಮೃಗಕ್ಕೂ ಹುಲ್ಲಿಗೂ ಸಂಬಂಧವಿರುವುದಂತೂ ನಿರ್ವಿವಾದ.)

ಬೇಟೆಯ ಮಾತನ್ನು ಬಿಟ್ಟರೆ ಚರಿತ್ರೆ ಪೂರ್ಣವಾಗದು. ಚಾಲುಕ್ಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮೃಗವಿನೋದವೆಂಬ ಪ್ರಕರಣವೇ ಇದ್ದು, ಪಳಗಿಸಿದ ಚಿರತೆಯಂತಹ ಮೃಗವನ್ನು ಹುಲ್ಲೆಗಳ ಮೇಲೆ ಬಿಡುವ ಕ್ರಮವೂ ಅಲ್ಲಿ ವರ್ಣಿತವಾಗಿದೆ. ಈ ಮೃಗವು ಚೀತಾ. ಟೀಪುವಿನ ಬೇಟೆಯ ಚೀತಾಗಳು ೧೭೯೯ರಲ್ಲಿ ಇಂಗ್ಲೀಷರ ಕೈಸೇರಿದುವು. ೧೯೪೭ರಲ್ಲಿ ಮಧ್ಯಭಾರತದ ಕೊರಿಯಾ ಸಂಸ್ಥಾನದಲ್ಲಿ ಮೂರು ಚೀತಾಗಳು ಗುಂಡಿಗೆ ಬಲಿಯಾದುವು. ೧೯೫೨ರಲ್ಲಿ ಈ ಜಾತಿಯು ದೇಶದಲ್ಲಿ ನಿರ್ನಾಮವಾಯಿತೆಂದು ಸರ್ಕಾರವೇ ಒಪ್ಪಿಕೊಂಡಿತು. ೨೦೨೨ರಲ್ಲಿ ಆಫ್ರಿಕಾದ ನಮೀಬಿಯದಿಂದ ತಂದು ಕೂನೋ ಅರಣ್ಯದಲ್ಲಿ ಬಿಟ್ಟ ಚೀತಾಗಳಿಗೆ ಕುಲ್ಲೂಕಭಟ್ಟನ ಲಕ್ಷಣವನ್ನು ಅನ್ವಯಿಸಿ ನೋಡುವುದು ವಿನೋದವಾದ ಚರ್ಚೆಯಾದೀತು. ಮೈಸೂರಿನಲ್ಲಿ ೧೯೦೧ರಲ್ಲಿಯೇ ಬೇಟೆ ಮತ್ತು ಮೀನುಗಳ ರಕ್ಷಣೆಯ ರೆಗ್ಯುಲೇಷನ್ ಬಂದಿತು. ಕೃಷ್ಣಮೃಗವನ್ನು ಕೊಲ್ಲುವುದನ್ನು ಸಂಪೂರ್ಣವಾಗಿ ನಿಷೇಧಿಸಿದುದು ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನ.

ಸಾಕಿದ ಪ್ರಾಣಿಗಳ ವಿಷಯದಲ್ಲಿ ೧೮೯೦ರ ಶಾಸನವೂ, ರುಕ್ಮಿಣಿದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಪ್ರಾರಂಭಿಸಿದ ಪ್ರಯತ್ನದ ಫಲವಾಗಿ ಬಂದ ೧೯೬೦ರ ಶಾಸನವೂ ಇವೆ. ದೇವಾಲಯದ ಆವರಣದಲ್ಲಿ ಪ್ರಾಣಿಬಲಿಯನ್ನು ನಿಷೇಧಿಸುವ ೧೯೫೯ರ ಶಾಸನವು ಈ ರಾಜ್ಯದ್ದೇ. ಇವುಗಳ ಬಲವು ಜಾತ್ರೆಯ ದಿನ ಊರಿನ ಹಿರಿಯರ ಮನಸ್ಸಿನಷ್ಟೇ. ರೋಗದ ವಿಷಯದಲ್ಲಿ ಮಾತ್ರ ನಿಸ್ಸಂದೇಹವಾದ ಜಯವೊಂದುಂಟು. ಹಟ್ಟಿಹಟ್ಟಿಗಳನ್ನೇ ಬರಿದುಮಾಡುತ್ತಿದ್ದ ದೊಡ್ಡರೋಗವು ಪಶುವೈದ್ಯರ ಚುಚ್ಚುಮದ್ದಿನಿಂದ ಅಡಗಿ, ೨೦೧೧ರಲ್ಲಿ ಪ್ರಪಂಚದಿಂದಲೇ ತೊಲಗಿತೆಂದು ಘೋಷಿತವಾಯಿತು. ಹಳ್ಳಿಗೆ ನಡೆದುಹೋಗಿ ದನಗಳಿಗೆ ಮದ್ದು ಹಾಕಿದ ಆ ಕೆಳಗಿನ ನೌಕರರ ಹೆಸರುಗಳು ಯಾವ ಚರಿತ್ರೆಯಲ್ಲಿಯೂ ಸೇರಿಲ್ಲ.

ಸ್ವಾತಂತ್ರ್ಯಾನಂತರದ ಕಾಲದಲ್ಲಿ ಹುಲ್ಲುನೆಲಕ್ಕೆ ಒದಗಿದ ವಿಪತ್ತು ಕೋವಿಯಿಂದ ಬಂದುದಲ್ಲ, ಲೇಖನಿಯಿಂದ ಬಂದುದು. ಕಂದಾಯದ ಪುಸ್ತಕದಲ್ಲಿ ಬಂಜರು ಎಂದು ಬರೆದ ನೆಲವನ್ನು ಯಾವುದಾದರೊಂದು ಉಪಯೋಗಕ್ಕೆ ತರಬೇಕೆಂಬುದು ಎಲ್ಲ ಇಲಾಖೆಗಳ ಸದುದ್ದೇಶವಾಯಿತು. ಕೆಲವನ್ನು ಸಾಗುವಳಿಗೆ ಹಂಚಿದರು. ಬಡವನಿಗೆ ನೆಲ ಕೊಟ್ಟುದನ್ನು ಆಕ್ಷೇಪಿಸುವುದು ನ್ಯಾಯವಲ್ಲ. ಕೆಲವು ಕಡೆ ನೀಲಗಿರಿ, ಜಾಲಿಗಳ ತೋಪು ಎಬ್ಬಿಸಿದರು. ಮರ ನೆಡುವುದು ಪುಣ್ಯಕಾರ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಕೃಷ್ಣಮೃಗಕ್ಕೆ ಅದು ಪುಣ್ಯವಲ್ಲ. ಈ ಮೃಗದ ಆಯುಧಗಳು ಎರಡೇ: ದೂರದೃಷ್ಟಿ ಮತ್ತು ಓಟ. ಬಯಲಿನಲ್ಲಿ ತೋಳವನ್ನು ಬಹು ದೂರದಿಂದಲೇ ಕಂಡು ನೆಗೆದೋಡುವ ಹಿಂಡಿಗೆ, ಮರಗಳ ಸಾಲು ಎದ್ದಮೇಲೆ ಈ ಎರಡೂ ನಿಷ್ಫಲವಾಗುವುವು. ನೆರಳು ಬಿದ್ದ ನೆಲದಲ್ಲಿ ಹುಲ್ಲೂ ಕುಗ್ಗುವುದು. ಶಿರಾದ ನೆರೆಯ ಚಳ್ಳಕೆರೆ ತಾಲ್ಲೂಕಿನಲ್ಲಿಯಂತೂ ೨೦೦೭ರಿಂದೀಚೆಗೆ ಸುಮಾರು ೧೦,೦೦೦ ಎಕರೆಗಳಷ್ಟು ಅಮೃತಮಹಲ್ ಕಾವಲನ್ನು ರಕ್ಷಣಾ, ಅಣುಶಕ್ತಿ, ಆಕಾಶಯಾನ ಮೊದಲಾದ ಸಂಸ್ಥೆಗಳಿಗೆ ಹಂಚಿಕೊಡಲಾಯಿತು. ಎದ್ದ ಗೋಡೆಗಳ ಈಚೆಗೆ ಕುರಿಗಾರರು ನಿಂತರು.

ಇಂತಹ ಸಮಯದಲ್ಲಿ ಮೈದನಹಳ್ಳಿಯ ಬಯಲು ಉಳಿದುದು ಹೇಗೆಂಬುದನ್ನು ತಿಳಿಯಬೇಕು. ಅದು ಮಧುಗಿರಿ ತಾಲ್ಲೂಕಿನ ಈಶಾನ್ಯದ ಮೂಲೆಯಲ್ಲಿ ಆಂಧ್ರದ ಗಡಿಗೆ ತಗುಲಿಕೊಂಡಿದೆ. ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ ಎಂಬ ಸಂಘದವರು ೧೯೯೦ರ ದಶಕದಲ್ಲಿ ಅಲ್ಲಿಗೆ ಹೋಗಿಬರುತ್ತ ಹಿಂಡುಗಳನ್ನು ಎಣಿಸಿದರು, ಹುಲ್ಲು ಮರ ಹಕ್ಕಿಗಳ ಪಟ್ಟಿ ಮಾಡಿದರು, ಅಧಿಕಾರಿಗಳಿಗೆ ತಿಳಿಸಿದರು. ಟಿ. ವಿ. ಎನ್. ಮೂರ್ತಿಗಳು, ಅಮೀನ್ ಅಹ್ಮದರು ಮೊದಲಾದವರು ಇದರಲ್ಲಿ ಶ್ರಮಿಸಿದರು. ಎಣಿಕೆಯೆಂದರೆ ಅಲ್ಪವಾದ ಕೆಲಸವೆಂದು ಕೆಲವರು ಭಾವಿಸುವರು. ಆದರೆ ಬಂಜರು ಎಂದು ಬರೆದ ಪುಸ್ತಕಕ್ಕೆ ಪ್ರತಿಯಾಗಿ ತೋರಿಸುವುದಕ್ಕೆ ಇನ್ನೊಂದು ಪುಸ್ತಕವಿಲ್ಲದಿದ್ದರೆ ಮೂಕಪ್ರಾಣಿಯ ಪಕ್ಷದ ವ್ಯಾಜ್ಯವು ನಿಲ್ಲುವುದೇ ಇಲ್ಲ. ೨೦೦೨ರಲ್ಲಿ ವನ್ಯಜೀವಿ ಶಾಸನಕ್ಕೆ ತಂದ ತಿದ್ದುಪಡಿಯಿಂದ ಸಂರಕ್ಷಣಾ ಮೀಸಲು ಎಂಬ ಹೊಸ ವರ್ಗವು ಏರ್ಪಟ್ಟಿತು. ಸರ್ಕಾರದ ನೆಲವನ್ನು ಸ್ಥಳದ ಜನರೊಡನೆ ಸಮಾಲೋಚಿಸಿ ಘೋಷಿಸುವುದೂ, ಗ್ರಾಮಪಂಚಾಯಿತಿಯ ಪ್ರತಿನಿಧಿಗಳಿರುವ ಸಮಿತಿಯ ಸಲಹೆಯಂತೆ ನಡೆಸುವುದೂ ಅದರ ವಿಶೇಷ. ಅದರ ಮೇರೆಗೆ ೨೦೦೭ರಲ್ಲಿ ೭೯೮ ಎಕರೆಗಳ ಈ ಬಯಲು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ರಾಣೆಬೆನ್ನೂರಿನ ಅಭಯಾರಣ್ಯವನ್ನು ಬಿಟ್ಟರೆ ಈ ರಾಜ್ಯದಲ್ಲಿ ಕೃಷ್ಣಮೃಗಗಳು ಒಟ್ಟಾಗಿ ನೆಲಸಿರುವ ಮುಖ್ಯಸ್ಥಳಗಳಲ್ಲಿ ಇದು ಗಣ್ಯವಾದುದು.

ಅದೇ ಸಂಘದವರು ೧೯೯೯ರಲ್ಲಿ ಬೆಳಕಿಗೆ ತಂದ ಕಗ್ಗಲಡುವಿನ ವೃತ್ತಾಂತವು ಇದಕ್ಕಿಂತ ಬೇರೆ ಬಗೆಯದು. ಶಿರಾ ಪಟ್ಟಣಕ್ಕೆ ಸಮೀಪದ ಈ ಗ್ರಾಮದ ಹುಣಿಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳೂ ಬೂದುಬಣ್ಣದ ಬಕಗಳೂ ಬೇಸಗೆಯ ಮೊದಲಿಗೆ ಬಂದು ಗೂಡುಕಟ್ಟಿ, ಮರಿಮಾಡಿ, ಮಳೆಗಾಲದಲ್ಲಿ ಹೋಗುವುವು. ಇಲ್ಲಿ ಯಾವ ಶಾಸನವೂ ಮೊದಲು ಬರಲಿಲ್ಲ. ಊರಿನವರು ಹಕ್ಕಿಗಳನ್ನು ಹೊಡೆಯಲಿಲ್ಲ, ಹೊಡೆಯಬಂದವರನ್ನು ಬಿಡಲಿಲ್ಲ, ಅಷ್ಟೇ. ಈ ‘ಅಷ್ಟೇ’ ಎಂಬುದರಲ್ಲಿ ಏನು ಅಡಗಿದೆಯೆಂಬುದು ಹುಣಿಸೆಮರವುಳ್ಳವನಿಗೆ ಗೊತ್ತು. ಗೂಡುಗಳ ಭಾರಕ್ಕೆ ಕೊಂಬೆ ಬಾಗುವುದು. ಹಿಕ್ಕೆಯಿಂದ ಎಲೆ ಸುಟ್ಟು ಫಲ ಕಡಿಮೆಯಾಗುವುದು. ಮರಿಗಳ ಬಾಯಿಂದ ಜಾರಿದ ಮೀನಿನ ನಾತವು ಬಾಗಿಲವರೆಗೆ ಬರುವುದು. ಇದನ್ನೆಲ್ಲ ಸಹಿಸಿ, ಹಕ್ಕಿ ಬಂದ ವರ್ಷ ಊರಿಗೆ ಒಳ್ಳೆಯದೆಂದು ನಂಬಿ ನಡೆದುಕೊಳ್ಳುವುದು ದಾನವೇ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿಯೂ ಇದೇ ಧರ್ಮವು ಬಹುಕಾಲದಿಂದ ನಡೆದುಬಂದಿತ್ತು. ಅಲ್ಲಿ ೧೯೭೬ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ನಷ್ಟವನ್ನು ಮನಗಂಡು ಮರದ ಒಡೆಯರಿಗೆ ಪರಿಹಾರ ಕೊಡುವ ಏರ್ಪಾಡಿಗೆ ಕಾರಣರಾದರು. ಅನಂತರ ಹೆಜ್ಜಾರ್ಲೆ ಬಳಗದ ಯುವಕರು ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಸಾಕುವ ಕೆಲಸವನ್ನು ವಹಿಸಿಕೊಂಡರು. ಕೊಡುವವನ ಕೈ ಬರಿದಾಗದಂತೆ ನೋಡಿಕೊಂಡರೆ ದಾನವು ಮೊಮ್ಮಕ್ಕಳ ಕಾಲಕ್ಕೂ ನಡೆಯುವುದೆಂದು ನೇಗಿನಹಾಳರು ಅರಿತಿದ್ದರು. ಕಗ್ಗಲಡುವಿನ ವಿಷಯದಲ್ಲಿ ಬರುವ ಅತಿಥಿಗಳು ಇದನ್ನು ನೆನೆಯಬೇಕು. ಛಾಯಾಚಿತ್ರ ತೆಗೆದುಕೊಂಡು ಹೋಗುವವರು ಬಹಳ, ಮರದ ಒಡೆಯನನ್ನು ಮಾತನಾಡಿಸುವವರು ವಿರಳ.

ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಸಂಜಯ ಗುಬ್ಬಿ ಮತ್ತು ಅವರ ಸಂಗಡಿಗರು ಚಿರತೆಗಳ ಶೋಧನೆಗಾಗಿ ಇಟ್ಟ ಯಂತ್ರಗಳಲ್ಲಿ ಚಿಂಕಾರವೆಂಬ ಮೃಗದ ಚಿತ್ರವು ಮೂಡಿತು. ಉತ್ತರದ ಮರುಭೂಮಿಯದೆಂದು ಜನರು ಭಾವಿಸುವ ಈ ಸಣ್ಣ ಹುಲ್ಲೆಗೆ ಇದೇ ದಕ್ಷಿಣದ ಎಲ್ಲೆ. ಕೃಷ್ಣಮೃಗ, ಕೊಂಡುಕುರಿ, ಚಿಂಕಾರ ಮೂರೂ ಇರುವ ಈ ಕಾಡಿನಲ್ಲಿ ಸುಮಾರು ೧೩೬ ಚದರ ಕಿಲೋಮೀಟರುಗಳನ್ನು ೨೦೧೯ರಲ್ಲಿ ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಹಾಳು ಕಾಡೆಂದು ಕರೆಯಲ್ಪಡುತ್ತಿದ್ದುದು ಹಾಳಲ್ಲವೆಂದು ತಿಳಿಯುವುದಕ್ಕೆ ಒಂದು ಯಂತ್ರವು ರಾತ್ರಿಯಲ್ಲಿ ಕಣ್ಣು ತೆರೆದಿರಬೇಕಾಯಿತು. ಕುರಿ ಕಾಯುವವರಿಗೆ ಆ ಮೃಗವು ಮೊದಲೇ ಗೊತ್ತಿದ್ದಿರಬೇಕು, ಅವರನ್ನು ಕೇಳಿದವರಿಲ್ಲ.

ಕೊರಟಗೆರೆ, ಮಧುಗಿರಿ ತಾಲ್ಲೂಕುಗಳ ಬೆಟ್ಟಗಳಲ್ಲಿ, ವಿಶೇಷವಾಗಿ ವನ್ಯಜೀವಿಧಾಮವೆನಿಸಿರುವ ತಿಮ್ಮಲಾಪುರದ ಕಾಡಿನಲ್ಲಿ, ಕರಡಿಗಳಿವೆ. ಜೇನು, ಗೆದ್ದಲು, ಎಲಚಿ, ಅತ್ತಿ ಇವು ಅದರ ಆಹಾರ. ಬಂಡೆಯ ಪೊಟರೆ ಅದರ ಮನೆ. ಬಂಡೆಯನ್ನು ಒಡೆದು ಜಲ್ಲಿ ಮಾಡಿದ ಮೇಲೆ ಅದು ಹೊಲಕ್ಕೆ ಇಳಿಯುವುದು ಆಶ್ಚರ್ಯವಲ್ಲ, ಬೆಳಗಿನ ಜಾವ ಹೊಲಕ್ಕೆ ಹೋದ ರೈತನು ಅದರ ಉಗುರಿಗೆ ಸಿಕ್ಕುವುದೂ ಆಶ್ಚರ್ಯವಲ್ಲ. ಮುಖವನ್ನೇ ಕಳೆದುಕೊಂಡವನ ಮುಂದೆ ಜೀವದಯೆಯನ್ನು ಉಪದೇಶಿಸುವುದು ಸುಲಭವಲ್ಲ. ಹಂದಿಗೆಂದು ಬೇಲಿಯಲ್ಲಿ ಒಡ್ಡಿದ ತಂತಿಯ ಉರುಳಿಗೆ ಚಿರತೆ, ಕರಡಿಗಳು ಸಿಕ್ಕಿ ನರಳುವುದು ಇಂತಹ ಕಡೆಗಳಲ್ಲಿ ಸಾಮಾನ್ಯವಾದ ಘಟನೆ. ಅರಣ್ಯದ ನೌಕರರೂ ಪಶುವೈದ್ಯರೂ ಜೀವದ ಹಂಗು ತೊರೆದು ಬಿಡಿಸುವರು. ಖಲಂದರರು ಮೂಗುದಾರ ಹಾಕಿ ಕುಣಿಸುತ್ತಿದ್ದ ಕರಡಿಗಳ ಕಥೆಯು ಮಾತ್ರ ಸುಖಾಂತವಾಯಿತು: ಆ ಕುಣಿತದ ಕೊನೆಯ ಕರಡಿಯು ೨೦೦೯ರಲ್ಲಿ ಬನ್ನೇರುಘಟ್ಟದ ಆಶ್ರಯಸ್ಥಾನವನ್ನು ಸೇರಿತು. ಕರಡಿಯನ್ನು ಒಪ್ಪಿಸಿದವರಿಗೆ ಬೇರೆ ಜೀವನೋಪಾಯವನ್ನು ಕಲ್ಪಿಸಿಕೊಟ್ಟುದರಿಂದಲೇ ಅದು ಸಾಧ್ಯವಾಯಿತು.

ಪಾವಗಡದ ವಿಚಾರವು ಬರಗಾಲದ ವಿಚಾರ. ೧೮೭೬–೭೮ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯು ಎಷ್ಟು ಕುಗ್ಗಿತೆಂಬುದು ೧೮೭೧ರ ಮತ್ತು ೧೮೮೧ರ ಗಣತಿಗಳಿಂದ ತಿಳಿಯುವುದು: ಐವತ್ತು ಲಕ್ಷಕ್ಕೆ ಮೇಲಿದ್ದುದು ನಲವತ್ತೆರಡು ಲಕ್ಷಕ್ಕಿಂತ ಕೆಳಗಿಳಿಯಿತು. ಜನರಿಗೇ ಹೀಗಾದರೆ ದನಗಳ ಪಾಡನ್ನು ಹೇಳತಕ್ಕುದೇನು? ಬರದಲ್ಲಿ ಮೊದಲು ಸಾಯುವುದು ಎತ್ತು. ಎತ್ತು ಸತ್ತಮೇಲೆ ಮಳೆ ಬಂದರೂ ಉಳುವುದಿಲ್ಲ. ಆದುದರಿಂದ ಬರದಲ್ಲಿ ದನಕ್ಕೆ ಮೇವು ಕೊಡುವುದು ಮುಂದಿನ ವರ್ಷದ ಅನ್ನವನ್ನು ಕಾಯುವುದೇ ಸರಿ. ಈಚಿನ ಬರಗಳಲ್ಲಿ ಸರ್ಕಾರವು ಗೋಶಾಲೆಗಳನ್ನೂ ಮೇವಿನ ಬ್ಯಾಂಕುಗಳನ್ನೂ ತೆರೆದಿತು. ಪಾವಗಡದ ಶ್ರೀ ರಾಮಕೃಷ್ಣ ಸೇವಾಶ್ರಮದ ಸ್ವಾಮಿ ಜಪಾನಂದರು ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ದನಗಳಿಗೆ ಮೇವು ಹಂಚಿದರು. ಕುಷ್ಠರೋಗಿಗಳ, ಕ್ಷಯರೋಗಿಗಳ ಶುಶ್ರೂಷೆಗೆ ಹೆಸರಾದ ಆಶ್ರಮವು ಹುಲ್ಲಿನ ಹೊರೆಗಳನ್ನು ಎಣಿಸಬೇಕಾಗಿ ಬಂದುದು ಆ ನೆಲದ ಸ್ಥಿತಿಯನ್ನು ಹೇಳುತ್ತದೆ.

ಅದೇ ತಾಲ್ಲೂಕಿನಲ್ಲಿ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಗ್ರಾಮಗಳ ಸುಮಾರು ೧೩,೦೦೦ ಎಕರೆಗಳಲ್ಲಿ ೨೦೧೮ರಲ್ಲಿ ಉದ್ಘಾಟಿತವಾಗಿ ಮುಂದಿನ ವರ್ಷ ಪೂರ್ಣಗೊಂಡ ೨,೦೫೦ ಮೆಗಾವಾಟಿನ ಸೌರವಿದ್ಯುತ್ ಕ್ಷೇತ್ರವಿದೆ. ನೆಲವನ್ನು ಕೊಳ್ಳದೆ ರೈತರಿಂದ ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಗಳಂತೆ ಗುತ್ತಿಗೆಗೆ ಪಡೆದುದು ಶ್ಲಾಘ್ಯವೇ. ಮಳೆ ಬಾರದ ವರ್ಷವೂ ಬರುವ ಈ ಹಣವು ಎಷ್ಟೋ ಮನೆಗಳನ್ನು ಉಳಿಸಿತು. ಆದರೆ ಬೆಳೆ ಕೊಯ್ದ ಮೇಲೆ ಕೂಳೆಹೊಲದಲ್ಲಿ ಕುರಿ ಮೇಯಿಸುತ್ತಿದ್ದವನ ಹೆಸರಿನಲ್ಲಿ ಪಹಣಿಯಿರಲಿಲ್ಲ. ಗುತ್ತಿಗೆ ಬರೆದವರಿಗೆ ಅವನು ಕಾಣಿಸಲಿಲ್ಲ. ಬೇಲಿಯ ಹೊರಗೆ ಉಳಿದ ಅವನು ಹಿಂಡನ್ನು ಕಡಿಮೆಮಾಡಿದನು, ಇಲ್ಲವೆ ಮಾರಿದನು. ಬೇಲಿಯಿಲ್ಲದ ಪೈರನ್ನು ಮೇದ ದನಕ್ಕೆ ದಂಡವಿಲ್ಲವೆಂದ ಸ್ಮೃತಿಕಾರನ ಮಾತು ಇಲ್ಲಿಗೆ ತಲೆಕೆಳಗಾಯಿತು: ಈಗ ಬೇಲಿಯೇ ಮೊದಲು ಬರುವುದು.

ಮೈದನಹಳ್ಳಿಯ ಹಿಂಡುಗಳಿಗೂ ಈ ಕಷ್ಟವು ಬೇರೆ ರೂಪದಲ್ಲಿ ಉಂಟು. ೭೯೮ ಎಕರೆಗಳ ಎಲ್ಲೆಯನ್ನು ಅವು ಬಲ್ಲವುಗಳಲ್ಲ. ಹುಲ್ಲು ಒಣಗಿದ ತಿಂಗಳುಗಳಲ್ಲಿ ಸುತ್ತಣ ಹೊಲಗಳಿಗೂ ಗಡಿಯಾಚೆಯ ಬಯಲಿಗೂ ಹೋಗುವುವು. ಊರನಾಯಿಗಳು ಮರಿಗಳನ್ನು ಬೆನ್ನಟ್ಟುವುವು. ಕಡಲೆಕಾಯಿ, ರಾಗಿಗಳ ಎಳೆಯ ಪೈರಿಗೆ ಬಾಯಿಹಾಕುವುವು. ಹೊಲದ ಒಡೆಯನು ರಾತ್ರಿಯಿಡೀ ಅಟ್ಟಣೆಯ ಮೇಲೆ ಕುಳಿತು ಕೂಗಿ ಓಡಿಸುವನು. ಅವನು ಅವುಗಳನ್ನು ಕೊಲ್ಲುವುದಿಲ್ಲ. ಬೆಳಗಾದ ಮೇಲೆ ಹಿಂಡು ಪುನಃ ಮೀಸಲಿನ ಹುಲ್ಲಿಗೆ ಬಂದು ನಿಲ್ಲುವುದು. ಕಪ್ಪು ಬೆನ್ನಿನ ಗಂಡೊಂದು ತನ್ನ ನೆಲವೆಂದು ಗುರುತುಮಾಡಿಕೊಂಡ ಕಡೆಯಲ್ಲಿ ತಲೆಯೆತ್ತಿ ನಡೆಯುವುದು, ಹೆಣ್ಣುಗಳು ಬಗ್ಗಿ ಮೇಯುವುವು, ಅವುಗಳ ಆಚೆಗೆ ಕೊಡಿಗೇನಹಳ್ಳಿಯ ಕಡೆಯ ಕುರಿಯ ಹಿಂಡೂ ಮೇಯುತ್ತಿರುವುದು.